ತಗಡಿನ ಕಪ್ಪೆಗೆ ಹೆದರಿಕೆಯಾದದ್ದು

ಹೋದ ವಾರ ನಾಗಸಂದ್ರದಲ್ಲಿ ಮೆಟ್ರೋ ಹತ್ತಿ ಕೂತಿದ್ದೆ. ಪಕ್ಕದ ಸೀಟಿನ ಹೆಂಗಸು ಬ್ಯಾಗಿನಿಂದ ಪುಟ್ಟ ಬಾಟಲಿ ತೆಗೆದು, ಒಂದಿಷ್ಟು ಅಂಗೈಗೆ ಸುರಿದುಕೊಂಡು ಕತ್ತಿನ ಹಿಂಭಾಗಕ್ಕೆ ತಿಕ್ಕಿಕೊಂಡರು. ನೀಲಗಿರಿ ಎಣ್ಣೆ. ಬೋಗಿ ತುಂಬ ಘಮ್ಮೆಂದು ಹರಡಿತು. ಕೆಟ್ಟ ವಾಸನೆಯೇನಲ್ಲ, ಎದುರಿಗೆ ನೆಗಡಿಯಾಗಿ ಕೂತಿದ್ದವರೊಬ್ಬರಂತೂ ಸುಖವಾಗಿ ಮೂಗು ಎಳೆದುಕೊಂಡರು. ನನಗೆ ಮಾತ್ರ ಎದೆ ಡವಡವ ಅನ್ನತೊಡಗಿತು. ಯಾಕೆ ಹೆದರುತ್ತಿದ್ದೇನೆಂದು ತಿಳಿಯುವ ಮೊದಲೇ ಹೆದರಿಬಿಟ್ಟಿದ್ದೆ. ಯಶವಂತಪುರ ಬರುವ ಹೊತ್ತಿಗೆ ಕಾರಣ ಹೊಳೆಯಿತು... ನಮ್ಮ ಮೇಲ್ಮನೆಯ ಆಂಟಿ.

ನಾನು ಹುಟ್ಟಾ ಅಂಜುಬುರುಕಿ. ಚಿಕ್ಕವಳಿದ್ದಾಗ ಹಲ್ಲಿಗೆ ಹೆದರುತ್ತಿದ್ದೆ, ಕುಕ್ಕರಿನ ಸೀಟಿಗೆ ಹೆದರುತ್ತಿದ್ದೆ, ಯಲಹಂಕದ ಕಡೆಯಿಂದ ವಿಮಾನ ಹಾರಿ ಬಂದು ಕಿಟಕಿ ಗಾಜು ಅದುರಿದರೆ ಮಂಚದ ಕೆಳಗೆ ತೂರಿಕೊಳ್ಳುತ್ತಿದ್ದೆ. ಇದು ಯಾವ ನಕ್ಷತ್ರದಲ್ಲಿ ಹುಟ್ಟಿತೋ ಎಂದು ಅಜ್ಜಿ ಹಣೆ ಚಚ್ಚಿಕೊಳ್ಳುತ್ತಿದ್ದಳು. ನಮ್ಮದು ವಿದ್ಯಾರಣ್ಯಪುರದ ಪಕ್ಕದ ಹಳೇ ಊರಿನ ಮನೆತನ. ತಾತನ ರಾಗಿ ಹೊಲ ಸೈಟುಗಳಾದ ಮೇಲೆ, ಉಳಿಸಿಕೊಂಡ ಒಂದು ಸೈಟಿನಲ್ಲಿ ಅಪ್ಪ ಎರಡಂತಸ್ತಿನ ಮನೆ ಕಟ್ಟಿಸಿ ಮೇಲಿನದನ್ನು ಬಾಡಿಗೆಗೆ ಕೊಟ್ಟಿದ್ದ. ಅಲ್ಲಿಗೆ ಬಂದವರೇ ಆಂಟಿ.

ಒಂಟಿ ಹೆಂಗಸು. ಅಮ್ಮನಿಗಿಂತ ಹತ್ತು ವರ್ಷವಾದರೂ ದೊಡ್ಡವರು. ಮಿಕ್ಸಿಯನ್ನು ಹೇಗೆ ತೊಳೆಯಬೇಕು, ಸೊಳ್ಳೆ ಔಷಧವನ್ನು ಎಲ್ಲಿಡಬೇಕು ಎಂದು ಡಬ್ಬದ ಜೊತೆ ಬರುತ್ತದಲ್ಲ, ಯಾರೂ ಓದದ ಹಾಳೆ, ಅದನ್ನೆಲ್ಲ ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡುವುದು ಅವರ ಕಸುಬು. ಇಡೀ ದಿನ ಕಂಪ್ಯೂಟರಿನ ಮುಂದೆ ಬಗ್ಗಿ ಕೂತು ಕತ್ತು ನೋವು, ಅದಕ್ಕೆ ನೀಲಗಿರಿ ಎಣ್ಣೆ. ಮೆಟ್ಟಿಲು ಹತ್ತುವಾಗಲೇ ಆ ವಾಸನೆ ಎದುರಾಗುತ್ತಿತ್ತು. ಮಕ್ಕಳನ್ನು ಮುದ್ದು ಮಾಡುವ ಪೈಕಿಯಲ್ಲ ಅವರು. ಚಪ್ಪಲಿ ಹೊರಗೆ ಬಿಡು, ಮಾತು ಒಳಗೇ ಇಟ್ಕೋ ಎಂದು ಮೊದಲ ದಿನವೇ ನನಗೆ ಕಾನೂನು ಹೇಳಿದ್ದರು. ನಾನು ಅವರಿಗೂ ಹೆದರುತ್ತಿದ್ದೆ, ಬೇರೆ ಹೇಳಬೇಕೆ.

ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದಾಗ ನಾನು ಮೂರನೇ ಕ್ಲಾಸು. ಎದೆಯೊಳಗೊಂದು ಬಾಗಿಲು ಕೆಟ್ಟಿದೆ, ರಿಪೇರಿ ಮಾಡಿಸಿಕೊಂಡು ಬರ್ತಾಳೆ ಎಂದು ಅಪ್ಪ ನನಗೆ ವಿವರಿಸಿದ್ದ. ಹೊರಡುವಾಗ ಅಮ್ಮ ಬಾಗಿಲಲ್ಲಿ ಬಗ್ಗಿ, ಬರ್ತೀನಿ ಕಣೆ, ಅಜ್ಜೀನ ಗೋಳು ಹೊಯ್ಕೋಬೇಡ ಅಂದಳು. ನಮ್ಮ ಮನೆಯಲ್ಲಿ ಯಾರೂ ಹೋಗ್ತೀನಿ ಅನ್ನುವಂತಿರಲಿಲ್ಲ. ಹಾಲಿನ ಬೂತಿಗೆ ಹೊರಟರೂ ಬರ್ತೀನಿ ಅನ್ನಬೇಕು. ಒಂದು ಸಲ ಸ್ಕೂಲಿಗೆ ಹೊರಟಾಗ ಬಾಯಿ ತಪ್ಪಿ ಹೋಗ್ತೀನಿ ಅಂದಿದ್ದಕ್ಕೆ ಅಜ್ಜಿ ನನ್ನ ಕಿವಿ ಹಿಡಿದು ಒಳಗೆ ಕರೆತಂದು, ನೀರು ಕುಡಿಸಿ, ಮತ್ತೆ ಹೊಸ್ತಿಲು ದಾಟಿಸಿದ್ದಳು.

ಆಪರೇಷನ್ ಆಯಿತು. ಆದರೆ ಅಮ್ಮ ಬರಲಿಲ್ಲ. ಜ್ವರ ಬಂದಿದೆ ಅಂದರು, ಆಮೇಲೆ ಸೋಂಕು ಅಂದರು, ಆಮೇಲೆ ಏನೂ ಅನ್ನುವುದನ್ನೇ ನಿಲ್ಲಿಸಿದರು. ಅಪ್ಪ ಬೆಳಗ್ಗೆ ಬಂದು ಸ್ನಾನ ಮಾಡಿ, ಶರ್ಟು ಬದಲಾಯಿಸಿ, ನನ್ನ ಮುಖ ನೋಡದೆ ಬರ್ತೀನಿ ಎಂದು ಹೊರಟುಬಿಡುತ್ತಿದ್ದ. ನಾನು ನಡುಮನೆಗೆ ಕಾಲಿಟ್ಟರೆ ಕೂತಿದ್ದವರ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಬೀದಿಯ ಹೆಂಗಸರು ಅಯ್ಯೋ ಪಾಪ ಎಂದು ತಲೆ ಸವರುತ್ತಿದ್ದರು. ಅವರು ಬರುವುದು ಕಂಡರೆ ನಾನು ಗೇಟಿನ ಹಿಂದೆ ಅಡಗಿಕೊಳ್ಳುತ್ತಿದ್ದೆ. ಫೋನು ಬಡಿದುಕೊಂಡರೆ ಬಚ್ಚಲಿಗೆ ಓಡಿ ನಲ್ಲಿ ಬಿಡುತ್ತಿದ್ದೆ, ಕೇಳಿಸಬಾರದು ಅಂತ. ಅಜ್ಜಿ ದೇವರ ಮುಂದೆ ಕೂತು ಹರಕೆಯ ಮೇಲೆ ಹರಕೆ ಹೊರುತ್ತಿದ್ದಳು. ಅವಳಿಗೆ ನನ್ನನ್ನು ನೋಡಿದರೆ ಅಳು ಬರುತ್ತಿತ್ತು. ಕೊನೆಗೆ ಸ್ಕೂಲು ಬಿಟ್ಟ ಮೇಲೆ ಮೇಲ್ಮನೆಯಲ್ಲೇ ಇರು ಎಂದು ನನ್ನನ್ನು ಮೆಟ್ಟಿಲು ಹತ್ತಿಸಿದಳು.

ಆಂಟಿ ಆಗ ಒಂದು ಮಕ್ಕಳ ಕಾದಂಬರಿಯನ್ನು ಕನ್ನಡಕ್ಕೆ ತರುತ್ತಿದ್ದರು. ಯಾರೋ ಸಣ್ಣ ಪ್ರಕಾಶಕರು ಕೊಟ್ಟಿದ್ದರಂತೆ. ಮಿಕ್ಸಿ, ಸೊಳ್ಳೆಗಳ ನಡುವೆ ಬಂದ ಮೊದಲ ಕಥೆ ಅದು, ಅವರಿಗೂ ಒಳಗೊಳಗೇ ಖುಷಿ ಇತ್ತೆಂದು ಈಗ ಅನ್ನಿಸುತ್ತದೆ. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಆ ದಿನ ಮಾಡಿದಷ್ಟನ್ನು ಓದಿ ಹೇಳುತ್ತಿದ್ದರು. ನಿನ್ನಂಥ ಮಂಕುದಿಣ್ಣೆಗೆ ಅರ್ಥವಾದರೆ ಊರಿಗೆಲ್ಲ ಅರ್ಥವಾಗುತ್ತೆ ಅನ್ನುವುದು ಅವರ ಲೆಕ್ಕ.

ಕಥೆಯಲ್ಲಿ ಒಂದು ತಗಡಿನ ಕಪ್ಪೆ. ಬೆನ್ನ ಮೇಲಿನ ಕೀಲಿ ತಿರುಗಿಸಿದರೆ ಟಣ್ ಟಣ್ ಎಂದು ನೆಗೆಯುತ್ತದೆ. ಅದಕ್ಕೆ ಬಲು ಜಂಬ. ಎಲ್ಲರೂ ತನ್ನನ್ನು ಪ್ರೀತಿಸಲಿ, ತಾನು ಯಾರನ್ನು ಪ್ರೀತಿಸಿ ಏನಾಗಬೇಕಾಗಿದೆ ಅನ್ನುವ ಸ್ವಭಾವ. ಅದರ ಯಜಮಾನಿ ಒಬ್ಬಳು ಪುಟ್ಟ ಹುಡುಗಿ. ಅವಳ ಮನೆಯವರು ಊರು ಬಿಟ್ಟು ಹೊರಡುವಾಗ ಪೆಟ್ಟಿಗೆಯಲ್ಲಿ ಜಾಗ ಸಾಲದೆ, ಹುಡುಗಿ ಕಪ್ಪೆಯನ್ನು ಖಾಲಿ ಮನೆಯ ಕಿಟಕಿಯಲ್ಲಿ ಕೂರಿಸುತ್ತಾಳೆ. ಆಂಟಿ ಓದಿದರು: ಬರ್ತೀನಿ ಕಪ್ಪೆರಾಯ ಎಂದು ಹೇಳಿ ಹುಡುಗಿ ಗಾಡಿ ಹತ್ತಿದಳು.

ಯಾವಾಗ ಬರ್ತಾಳೆ ಎಂದು ಕೇಳಿದೆ. ಬರಲ್ಲ ಅಂದರು ಆಂಟಿ, ಪರದೆಯಿಂದ ಕಣ್ಣು ತೆಗೆಯದೆ.

"ಬರ್ತೀನಿ ಅಂದ್ಲಲ್ಲ?"

"ಅಯ್ಯೋ ಪೆದ್ದಿ, ಬರ್ತೀನಿ ಅಂದ್ರೆ ಹೋಗ್ತೀನಿ ಅಂತ ಅರ್ಥ ಕಣೆ. ಇಂಗ್ಲಿಷಲ್ಲಿ ಗುಡ್‌ಬೈ ಅಂತಿದೆ. ಅವಳು ವಾಪಸ್ ಬರೋದೇ ಇಲ್ಲ."

ಅಮ್ಮ ಬಾಗಿಲಲ್ಲಿ ಬಗ್ಗಿ ಹೇಳಿದ್ದು ಅದೇ ಮಾತು. ದಿನಾ ಬೆಳಗ್ಗೆ ಅಪ್ಪ ಹೇಳುತ್ತಿದ್ದದ್ದೂ ಅದೇ ಮಾತು. ದೊಡ್ಡವರಿಗೆಲ್ಲ ಈ ಅರ್ಥ ಗೊತ್ತಿದೆ, ನನಗೊಬ್ಬಳಿಗೇ ಗೊತ್ತಿರಲಿಲ್ಲ, ಅದಕ್ಕೇ ಎಲ್ಲರೂ ತಲೆ ಸವರುತ್ತಿದ್ದಾರೆ... ನಾನು ಕೆಳಗಿಳಿದು ಬಂದು, ಗೋಡೆಗೆ ಮುಖ ಮಾಡಿ ಮಲಗಿದೆ. ಊಟ ಬೇಡ ಅಂದೆ. ಮಾರನೇ ದಿನ ಮೈ ಕೆಂಡದಂತೆ ಸುಡುತ್ತಿತ್ತು. ಅಪ್ಪ ಹೊರಡುವಾಗ ಬರ್ತೀನಿ ಅಂದಾಗ ಅವನ ಪ್ಯಾಂಟು ಹಿಡಿದು ಕಿರುಚಿದೆನಂತೆ, ಹಂಗನ್ಬೇಡ ಹಂಗನ್ಬೇಡ ಅಂತ. ಯಾರಿಗೂ ತಲೆಬುಡ ಅರ್ಥವಾಗಲಿಲ್ಲ. ಮಗಾ ಎದ್ರಿಕೊಂಡೈತೆ ಎಂದು ಅಜ್ಜಿ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು.

ನಾನು ಕಿರುಚಿದ್ದು ಮೇಲ್ಮನೆಗೂ ಕೇಳಿಸಿತ್ತು, ಅರ್ಥವಾದದ್ದು ಆಂಟಿಗೆ. ಎಂದೂ ಕೆಳಗೆ ಬರದವರು ಆ ಮಧ್ಯಾಹ್ನ ಬಂದು ನನ್ನ ಮಂಚದ ತುದಿಗೆ ಕೂತರು. ನಾನು ಗೋಡೆಯ ಕಡೆಯಿಂದ ತಿರುಗಲಿಲ್ಲ. ಆ ಹುಡುಗಿ ವಾಪಸ್ ಬರೋ ಹಾಗೆ ಬರೀರಿ ಎಂದು ಗೋಡೆಗೇ ಹೇಳಿದೆ. ಬರೆದವರು ಬೇರೆ, ತನಗೆ ಬದಲಾಯಿಸುವ ಹಕ್ಕಿಲ್ಲ ಎಂದರು. ಹಾಗಾದರೆ ಅಮ್ಮ ಬರ್ತಾಳಾ ಎಂದು ಕೇಳಿದೆ. ಬರ್ತಾಳೆ ಪುಟ್ಟ ಅನ್ನುತ್ತಾರೆ ಅಂತ ಕಾದೆ. ಎಲ್ಲರೂ ಅದನ್ನೇ ಅಂದಿದ್ದರು.

"ನಂಗೊತ್ತಿಲ್ಲ ಕಣೆ," ಅಂದರು ಆಂಟಿ. "ನಿಮ್ಮಪ್ಪಂಗೂ ಗೊತ್ತಿಲ್ಲ. ಡಾಕ್ಟ್ರು ಕೈಲಾದ್ದೆಲ್ಲ ಮಾಡ್ತಿದ್ದಾರೆ. ನಿಮ್ಮಮ್ಮನಿಗೆ ಬರ್ಬೇಕು ಅಂತಿದೆ, ಅದಂತೂ ಸತ್ಯ. ಹೆದ್ರಿಕೆ ಆಗತ್ತೆ. ನಂಗೂ ಆಗ್ತಿದೆ."

ನಾನು ತಿರುಗಿ ಅವರ ಮುಖ ನೋಡಿದೆ. ನಿಜವಾಗಿಯೂ ಹೆದರಿದ್ದರು. ಅಷ್ಟು ದಿನ ಆ ಮನೆಯಲ್ಲಿ ಹೆದರಿದವಳು ನಾನೊಬ್ಬಳೇ ಅಂದುಕೊಂಡಿದ್ದೆ. ಅವರ ಸೆರಗಿನಲ್ಲಿ ಮುಖ ಹುದುಗಿಸಿ ಚೆನ್ನಾಗಿ ಅತ್ತೆ. ಅವರಿಗೆ ಸಮಾಧಾನ ಮಾಡಲು ಬರುತ್ತಿರಲಿಲ್ಲ. ಬೆನ್ನು ತಟ್ಟುತ್ತಿದ್ದ ರೀತಿ, ದಿಂಬಿನ ಹತ್ತಿ ಸರಿ ಮಾಡುತ್ತಿದ್ದಾರೇನೋ ಅನ್ನುವಂತಿತ್ತು. ಆಮೇಲೆ ಗಂಜಿ ಕುಡಿದೆ.

ಮರುದಿನದಿಂದ ಮತ್ತೆ ಮೇಲೆ ಹೋದೆ. ಕಪ್ಪೆಯ ಆ ಕಿಟಕಿಯ ಸಾಲಿನಲ್ಲಿ ಬರ್ತೀನಿ ಅನ್ನುವುದನ್ನು ಆಂಟಿ ಅಳಿಸಿದ್ದರು. ಅದರ ಜಾಗ ಖಾಲಿ. ಏನು ಹಾಕುವುದೋ ತಿಳಿಯುತ್ತಿಲ್ಲ, ಈ ಮಾತು ನಮ್ಮ ಭಾಷೆಯಲ್ಲೇ ಇಲ್ಲ ಎಂದು ಗೊಣಗಿದರು. ಕಥೆ ಮುಂದೆ ಹೋಯಿತು. ಹೊಸ ಬಾಡಿಗೆಯವರು ಕಪ್ಪೆಯನ್ನು ಎಸೆದರು. ಚರಂಡಿ, ಸಂತೆ, ಗುಜರಿ ಅಂಗಡಿ ಸುತ್ತಿ, ಸ್ಪ್ರಿಂಗು ಮುರಿದು, ಅದು ಒಬ್ಬ ಕೆಮ್ಮುವ ಮುದುಕನ ಕೈ ಸೇರಿತು. ಇನ್ನು ನೆಗೆಯಲಾರದ ಕಪ್ಪೆಯನ್ನು ಅವನು ಮೇಜಿನ ಮೇಲಿಟ್ಟುಕೊಂಡು ಅದರ ಜೊತೆ ಮಾತಾಡುತ್ತಿದ್ದ. ಒಂದು ದಿನ ಮುದುಕನ ಕೆಮ್ಮು ನಿಂತು ಕೋಣೆ ಸದ್ದಿಲ್ಲದಾದಾಗ ಕಪ್ಪೆಗೆ ಮೊದಲ ಸಲ ಹೆದರಿಕೆಯಾಗುತ್ತದೆ. ತನಗೇನಾಗುತ್ತದೋ ಅಂತಲ್ಲ, ಅವನಿಗೇನಾಯಿತೋ ಅಂತ. ಅಲ್ಲಿಂದಲೇ ಅದು ಪ್ರೀತಿಸಲು ಕಲಿಯುವುದು.

ಆ ಹೆದರಿಕೆಯ ಸಾಲಿಗೆ ಬಂದು ಆಂಟಿ ನಿಂತುಬಿಟ್ಟರು. ಎದೆ ಝಲ್ಲೆಂದಿತು ಎಂದು ಬರೆದರು, ಹೊಡೆದುಹಾಕಿದರು. ಜೀವ ಬಾಯಿಗೆ ಬಂತು, ಅದನ್ನೂ ಹೊಡೆದರು. ಆಮೇಲೆ ನನ್ನ ಕಡೆ ತಿರುಗಿ, ಹೆದರುವುದರಲ್ಲಿ ನೀನೇ ಅಲ್ಲವೇ ಇಲ್ಲಿ ಪಂಡಿತೆ, ನಿನಗೆ ಎಲ್ಲಿ ಆಗುತ್ತೆ ಹೇಳು ಅಂದರು. ಕಾಲು ತಣ್ಣಗಾಗತ್ತೆ ಎಂದೆ. ತಗಡಿನ ಕಾಲು ಯಾವಾಗಲೂ ತಣ್ಣಗೇ ಇರುತ್ತೆ ಪೆದ್ದಿ ಎಂದು ನಕ್ಕರು. ಆದರೂ ಅದನ್ನೇ ಬರೆದರು: ಎಂದಿನಿಂದಲೂ ತಣ್ಣಗಿದ್ದ ತನ್ನ ಕಾಲು ತಣ್ಣಗಿದೆಯೆಂದು ಕಪ್ಪೆಗೆ ಅಂದು ಗೊತ್ತಾಯಿತು. ಓದಿ ಹೇಳಿ, ಚಹದ ಜೊತೆ ತಾವು ತಿನ್ನುತ್ತಿದ್ದ ಕೋಡುಬಳೆಯಲ್ಲಿ ನನಗೂ ಅರ್ಧ ಮುರಿದು ಕೊಟ್ಟರು.

ಅಮ್ಮ ಬಂದಳು. ಗಾಳಿಗೆ ಹಾರಿಹೋಗುವಷ್ಟು ತೆಳ್ಳಗಾಗಿ, ಅಪ್ಪನ ತೋಳು ಹಿಡಿದು, ಒಂದೊಂದೇ ಹೆಜ್ಜೆ ಇಟ್ಟು ಬಂದಳು. ಬೀದಿಯವರೆಲ್ಲ ಸೇರಿದ್ದರು, ಅಜ್ಜಿ ಆರತಿ ಎತ್ತಿದಳು. ಆಂಟಿ ಮಾತ್ರ ಮೇಲಿನ ಮೆಟ್ಟಿಲಲ್ಲೇ ನಿಂತು ನೋಡಿ ಒಳಗೆ ಹೋದರು. ಆಮೇಲೂ ಎಷ್ಟೋ ದಿನ ಅಮ್ಮ ನಿದ್ದೆ ಹೋದರೆ ಅವಳ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತಿದ್ದೆ.

ಬೇಸಿಗೆ ರಜೆ ಬರುವ ಹೊತ್ತಿಗೆ ಆಂಟಿ ಮನೆ ಖಾಲಿ ಮಾಡಿದರು. ಮೈಸೂರಿನ ಅಕ್ಕನ ಮನೆಗೆ ಹೋಗುತ್ತಾರೆ ಎಂದಷ್ಟೇ ನನಗೆ ಹೇಳಿದ್ದು. ಕತ್ತಿನ ನೋವು ಬರೀ ಕತ್ತಿನ ನೋವಲ್ಲ ಎಂದು ಆಗಲೇ ಗೊತ್ತಾಗಿತ್ತಂತೆ, ಅಮ್ಮ ಆಮೇಲೆ ಹೇಳಿದಳು. ಸಾಮಾನಿನ ಗಾಡಿ ಮುಂದೆ ಹೋಗಿತ್ತು, ಆಟೋ ಕಾಯುತ್ತಿತ್ತು. ಅಜ್ಜಿ ಕುಂಕುಮ ಕೊಟ್ಟಳು. ಆಂಟಿ ಇಟ್ಟುಕೊಂಡು, ನನ್ನ ಮುಂದೆ ಬಂದು ನಿಂತರು.

"ಹೋಗ್ತೀನಿ ಕಣೆ," ಅಂದರು.

ಅಜ್ಜಿ ಬೆಚ್ಚಿದಳು. "ಬಿಡ್ತು ಅನ್ನವ್ವ, ಅಂಗನ್ಬಾರ್ದು. ಓಗ್ಬರ್ತೀನಿ ಅನ್ನು."

"ಇವಳ ಹತ್ರ ಅನ್ನಕ್ಕಾಗಲ್ಲ ಅಜ್ಜಿ," ಅಂದರು ಆಂಟಿ. "ಇವಳು ಕಾಯ್ತಾಳೆ."

ಆಟೋ ತಿರುವಿನಲ್ಲಿ ಮರೆಯಾಯಿತು. ಏಪ್ರಿಲ್ ಬಿಸಿಲು, ಬರಿಗಾಲಿನ ಕೆಳಗೆ ಕಾಂಕ್ರೀಟು ಕಾವಲಿಯಂತೆ ಕಾದಿತ್ತು. ನನ್ನ ಕಾಲು ಮಾತ್ರ ತಣ್ಣಗಿತ್ತು. ಅಮ್ಮ ಪಕ್ಕದಲ್ಲೇ ನಿಂತಿದ್ದಳು, ಗಟ್ಟಿಯಾಗಿದ್ದಳು. ನಾನು ಹೆದರಿದ್ದು ಆಂಟಿಗಾಗಿ.

ಅವರು ಬರಲಿಲ್ಲ. ಮುಂದಿನ ದಸರೆಯ ಸುಮಾರಿಗೆ ಅವರ ಅಕ್ಕ ಅಪ್ಪನಿಗೆ ಫೋನ್ ಮಾಡಿ ಆಂಟಿ ತೀರಿಕೊಂಡ ವಿಷಯ ತಿಳಿಸಿದರು. ಪುಸ್ತಕ ಅಚ್ಚಾಯಿತೋ ಇಲ್ಲವೋ, ಆ ಖಾಲಿ ಜಾಗದಲ್ಲಿ ಕೊನೆಗೆ ಏನು ಬರೆದರೋ, ಅಕ್ಕನಿಗೆ ಗೊತ್ತಿರಲಿಲ್ಲ. ದೊಡ್ಡವಳಾದ ಮೇಲೆ ಅಂಗಡಿ ಅಂಗಡಿ ಹುಡುಕಿದ್ದೇನೆ. ಕಪ್ಪೆಯ ಕಥೆ ಕೇಳಿದವರು ಯಾರೂ ಸಿಕ್ಕಿಲ್ಲ. ನಮ್ಮ ಮನೆಯನ್ನೂ ಕೆಡವಿ ಅಪ್ಪ ಬಿಲ್ಡರಿಗೆ ಕೊಟ್ಟ. ಆ ಮೇಲ್ಮನೆ ಇದ್ದ ಎತ್ತರದಲ್ಲಿ ಈಗ ಯಾರದೋ ಫ್ಲ್ಯಾಟಿನ ಅಡಿಗೆಮನೆ ಇದೆ.

ಮೆಟ್ರೋದ ಸಂಜೆ ಮನೆಗೆ ಬಂದು ಅಮ್ಮನಿಗೆ ಎಣ್ಣೆಯ ವಾಸನೆಯ ವಿಷಯ ಹೇಳಿದೆ. ಅಮ್ಮನಿಗೆ ಈಗ ವಯಸ್ಸಾಗಿದೆ, ಹುರುಳಿಕಾಯಿ ಬಿಡಿಸುತ್ತಾ ಕೂತಿದ್ದಳು. ಪಾಪ, ಎಂಥಾ ಹೆಂಗಸು ಅಂದಳು. ಇನ್ನೊಂದು ಕಾಯಿಯ ನಾರು ತೆಗೆದು, ತಲೆ ಎತ್ತದೆಯೇ ಕೇಳಿದಳು:

"ಅವರು ಹೋಗ್ತೀನಿ ಅಂತ ಹೇಳೇ ಹೋದ್ರಲ್ಲ ಕಣೆ. ಇನ್ನೂ ಯಾಕೆ ಕಾಯ್ತೀಯ?"

ಕಾಯುತ್ತಿದ್ದೇನೆಂದು ನಾನು ಯಾವತ್ತೂ ಅವಳಿಗೆ ಹೇಳಿರಲಿಲ್ಲ.