ಕೆಫೆಟೇರಿಯಾದಲ್ಲಿ ಅತ್ತೆಯ ಅಹವಾಲು

ನನ್ನ ಅತ್ತೆ ಮಂಗಳೂರಿನವರು, ನಾನು ಮೈಸೂರಿನವಳು. ಗ್ರೀನ್ ಕಾರ್ಡ್ ಮಾಡಿಸಿ ಅವರನ್ನು ಅಮೆರಿಕದ ರೆಸ್ಟನ್ನಿಗೆ ಕರೆತಂದು ಎರಡು ವರ್ಷವಾಗಿತ್ತು. ಊರಿಗೆ, ಮಗಳ ಮನೆಗೆ ಹೋಗಬೇಕು ಎಂದು ಅವರು ಆಗಾಗ ಅನ್ನುತ್ತಿದ್ದರು. “ಸ್ನೋ ಮುಗೀಲಿ ಅಮ್ಮ” ಎನ್ನುತ್ತಿದ್ದ ನನ್ನ ಗಂಡ. ಸ್ನೋ ಮುಗಿದ ಮೇಲೆ, “ಈಗ ಅಲ್ಲಿ ಮಳೆ ಅಮ್ಮ.” ನಾನೂ ಅದನ್ನು ವಯಸ್ಸಾದವರು ಸುಮ್ಮನೆ ಆಡುವ ಮಾತು ಅಂದುಕೊಂಡು ಬಿಟ್ಟಿದ್ದೆ.

ಸೆಕೆಂಡ್ ಗ್ರೇಡಿನಲ್ಲಿದ್ದ ನಮ್ಮ ಮಗಳ ಶಾಲೆಗೆ ನ್ಯೂಜಿಲೆಂಡಿನ ಮಾವೋರಿ ಕಲಾವಿದರು ಬರುತ್ತಾರೆ, ಮನೆಯವರೂ ಬರಬಹುದು ಎಂದು ಇಮೇಲ್ ಬಂತು. ಗಂಡ ಹಾಫ್ ಡೇ ರಜೆ ಹಾಕಿ ಫೋನ್ ಹಿಡಿದು ವಿಡಿಯೋಗೆ ಸಜ್ಜಾದ. ಕೆಫೆಟೇರಿಯಾದ ಮೇಜುಗಳನ್ನು ಮಡಚಿ ಗೋಡೆಗೆ ಒರಗಿಸಿದ್ದರು. ಪಿಜ್ಜಾ ವಾಸನೆ ಇನ್ನೂ ಹೋಗಿರಲಿಲ್ಲ.

ಮೊದಲು ಹಾಡು, ಆಮೇಲೆ ಹಾಕಾ ಎಂಬ ಅವರ ವೀರನೃತ್ಯ. ಮುಖದ ತುಂಬ ಹಚ್ಚೆಯಿದ್ದ ಭಾರೀ ಆಳು ತೊಡೆ ತಟ್ಟಿ, ಎದೆ ಬಡಿದು, ಕಣ್ಣರಳಿಸಿ, ಉದ್ದಕ್ಕೆ ನಾಲಿಗೆ ಚಾಚಿದ. ನೆಲ ಅದುರಿತು. ನಾನು ಬೆಚ್ಚಿ ಗಂಡನ ತೋಳು ಹಿಡಿದೆ. ಪಕ್ಕಕ್ಕೆ ನೋಡಿದರೆ ಅತ್ತೆ ಚಪ್ಪಲಿ ಬಿಟ್ಟು ಎದ್ದು ನಿಂತು ಕೈಮುಗಿದಿದ್ದರು.

ಮದುವೆಯಾದ ವರ್ಷ ಅವರ ಕುಟುಂಬದ ದೈವದ ಕೋಲಕ್ಕೆ ನಾನು ಹೋಗಿದ್ದೆ. ಆವೇಶ ಬಂದ ದೈವದೆದುರು ಮನೆಯವರು ತಮ್ಮ ಕಷ್ಟ ಹೇಳಿಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ಎಂಥ ದೊಡ್ಡ ಮನುಷ್ಯನೂ ಬಾಯಿ ಮುಚ್ಚಿ ಕೇಳಬೇಕು. ದೈವ ನುಡಿ ಕೊಟ್ಟರೆ ಅಲ್ಲಿಗೆ ಮುಗಿಯಿತು. ಅದು ನೆನಪಾದದ್ದೇ ನಾನು ಅವರತ್ತ ಕೈ ಚಾಚಿದೆ. ಸೆರಗು ಹಿಡಿದು ಕೂರಿಸುವಷ್ಟರಲ್ಲಿ ಅತ್ತೆ ಬರಿಗಾಲಲ್ಲಿ ಆ ಹಚ್ಚೆಯ ಕಲಾವಿದನ ಮುಂದೆ ಹೋಗಿ ನಿಂತಾಗಿತ್ತು.

“ಸ್ವಾಮಿ, ಮಗ ಸೊಸೆ ಒಳ್ಳೆಯವರೇ. ಊಟಕ್ಕೆ ಬಟ್ಟೆಗೆ ಏನೂ ಕಮ್ಮಿ ಮಾಡ್ಲಿಲ್ಲ. ಆದ್ರೆ ನನಗೆ ಇಲ್ಲಿ ಆಗುವುದಿಲ್ಲ. ನನ್ನನ್ನು ಊರಿಗೆ ಕಳಿಸ್ಲಿಕ್ಕೆ ಹೇಳಿ.”

ಮುನ್ನೂರು ಮಕ್ಕಳು, ಟೀಚರುಗಳು, ಪ್ರಿನ್ಸಿಪಾಲರು, ಎಲ್ಲರೂ ಅವರನ್ನೇ ನೋಡುತ್ತಿದ್ದರು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಆತ ಅರ್ಥವಾಗದೆ ಅತ್ತಿತ್ತ ನೋಡಿದ. ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕೂತಿದ್ದ ನನ್ನ ಮಗಳು ಕೈಯೆತ್ತಿದಳು. ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ, ಅಂದು ಒಂದು ಮಾತೂ ಬಿಡದೆ ಇಂಗ್ಲಿಷಿಗೆ ತಿರುಗಿಸಿ ಹೇಳಿದಳು. ಗಂಡನ ಫೋನು ಮೆಲ್ಲಗೆ ಕೆಳಗಿಳಿಯಿತು.

ಆತ ಬಗ್ಗಿ, ಅತ್ತೆಯ ಹಣೆಗೆ ಹಣೆ, ಮೂಗಿಗೆ ಮೂಗು ತಾಗಿಸಿದ. ತಮ್ಮಲ್ಲಿ ಹಿರಿಯರಿಗೆ ಹೀಗೆ ಗೌರವ ಕೊಡುತ್ತೇವೆ ಎಂದು ಮಕ್ಕಳಿಗೆ ಹೇಳಿದ. ಪರಗಂಡಸರ ಕೈಕುಲುಕಲೂ ಒಪ್ಪದ ನಮ್ಮತ್ತೆ ಕಣ್ಣುಮುಚ್ಚಿ ನಿಂತಿದ್ದರು.

ಕಾರಿನಲ್ಲಿ ಗಂಡ ತಡೆದುಕೊಳ್ಳಲಿಲ್ಲ. “ಏನಮ್ಮಾ ಇದು? ಅವ್ರು ಮಕ್ಕಳಿಗೆ ಪ್ರೋಗ್ರಾಂ ಕೊಡೋಕೆ ಬಂದವ್ರು. ದೈವ ಅಲ್ಲ.”

“ಗೊತ್ತುಂಟು ಮಾರಾಯ. ಅಷ್ಟೂ ತಿಳಿಯುವುದಿಲ್ವಾ ನನಗೆ?” ಅಂದರು ಅತ್ತೆ. “ಮನೆಯಲ್ಲಿ ಹೇಳಿದ್ರೆ ನೀನು ಲ್ಯಾಪ್‌ಟಾಪ್ ನೋಡಿಕೊಂಡು ಹೂಂ ಅಂತಿ. ಇವತ್ತು ನೀನು ನನ್ನ ಮಾತು ಪೂರ್ತಿ ಕೇಳಿದೆ.”

ಅವರ ಪಕ್ಕದಲ್ಲೇ ನಿಂತು ಚಪಾತಿ ಲಟ್ಟಿಸುತ್ತಿದ್ದವಳು ನಾನು. ನಾನೂ ಕೇಳಿಸಿಕೊಂಡಿರಲಿಲ್ಲ.

ಸಿಗ್ನಲ್ಲಿನಲ್ಲಿ ನಿಂತಾಗ ಗಂಡ ಸಣ್ಣ ದನಿಯಲ್ಲಿ ಹೇಳಿದ, “ಸರಿ ಅಮ್ಮ. ಇವತ್ತೇ ರೌಂಡ್ ಟ್ರಿಪ್ ಬುಕ್ ಮಾಡ್ತೀನಿ.”

“ಹೋಗ್ಲಿಕ್ಕೆ ಮಾತ್ರ ಮಾಡು,” ಅಂದರು ಅತ್ತೆ.