ಕುರಿ ವಾಸನೆಯ ಕಾರು

ಕಾರು ತೆಗೆದುಕೊಳ್ಳಬೇಕು ಎಂದಾಗ ನನ್ನ ಗಂಡ ಖುಷಿಪಟ್ಟರು. ರೇಸ್ ಕಲಿಯಲಿಕ್ಕೆ ಎಂದಾಗ ಬಾಯಿಗೆ ಒಯ್ಯುತ್ತಿದ್ದ ರೊಟ್ಟಿಯನ್ನು ತಿರುಗಿ ತಟ್ಟೆಗಿಟ್ಟರು.

"ಏನ್ ಕಲಿಯಾಕ?"

"ರೇಸ್. ಟ್ರ್ಯಾಕಿನ್ಯಾಗ ಕಾರು ಓಡಸೂದು."

"ಯಾರು?"

"ಮತ್ಯಾರು? ನಾನ."

ಆಗ ನನಗೆ ಮೂವತ್ತೆರಡು. ಕೊಪ್ಪಳ ಜಿಲ್ಲೆಯಾಗಿ ಎಂಟೊಂಬತ್ತು ವರ್ಷ ಕಳೆದಿತ್ತು. ಊರಂಚಿನ ಹೊಸ ಬಡಾವಣೆಯಲ್ಲಿ ನಮ್ಮ ಬಾಡಿಗೆ ಮನೆ. ನಾನು ಅಳವಂಡಿ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಗಂಡ ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಮ್ಯಾನೇಜರ್. ಇಬ್ಬರೂ ಬೆಳಗಾದರೆ ಬಸ್ಸು ಹಿಡಿದು ವಿರುದ್ಧ ದಿಕ್ಕಿಗೆ ಹೋಗುವವರು.

ಗಾಡಿಯ ಹುಚ್ಚು ನನಗೆ ಹೊಸದಲ್ಲ. ಯಲಬುರ್ಗಾ ತಾಲ್ಲೂಕಿನ ನನ್ನ ತವರಿನಲ್ಲಿ ಹದಿನಾಲ್ಕರ ವಯಸ್ಸಿಗೇ ಅಪ್ಪನ ಟ್ರ್ಯಾಕ್ಟರ್ ಓಡಿಸಿದವಳು. ಮದುವೆಯಾದ ಮೇಲೆ ಲೈಸೆನ್ಸೂ ಮಾಡಿಸಿಕೊಂಡಿದ್ದೆ. ಆದರೆ ರೇಸಿನ ಆಸೆ ಹುಟ್ಟಿದ್ದು ತರಗತಿಯಲ್ಲಿ. ತಿರುವಿನಲ್ಲಿ ವಾಹನ ಯಾಕೆ ಹೊರಕ್ಕೆ ಜಾರುತ್ತದೆ ಎಂದು ಹತ್ತನೇ ತರಗತಿಗೆ ಪ್ರತಿ ವರ್ಷ ಬೋರ್ಡಿನ ಮೇಲೆ ಬಾಣದ ಗುರುತು ಎಳೆದು ತೋರಿಸುತ್ತಿದ್ದೆ. ಒಂದು ದಿನ ಎಳೆಯುತ್ತ ಎಳೆಯುತ್ತ ಕೈ ನಿಂತುಬಿಟ್ಟಿತು. ಇದು ನನ್ನ ಬಾಯಿಗೆ ಗೊತ್ತು, ಮೈಗೆ ಗೊತ್ತಿಲ್ಲ ಅನ್ನಿಸಿತು. ಅದಾಗಿ ಕೆಲವೇ ವಾರಕ್ಕೆ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಸಣ್ಣ ಸುದ್ದಿ ಕಂಡೆ. ಚೆನ್ನೈ ಹತ್ತಿರದ ರೇಸ್ ಟ್ರ್ಯಾಕಿನಲ್ಲಿ ಹೊಸಬರಿಗೆ ಎರಡು ದಿನ ಕಲಿಸುತ್ತಾರಂತೆ, ತಮ್ಮ ತಮ್ಮ ಕಾರನ್ನೇ ತರಬಹುದಂತೆ. ಅದನ್ನು ಕತ್ತರಿಸಿ ಪಾಠದ ಟಿಪ್ಪಣಿಯೊಳಗೆ ಇಟ್ಟುಕೊಂಡೆ.

"ಎಂಟ್ ಮಂದಿ ಕುಂದ್ರೋ ಡೀಸೆಲ್ ಗಾಡಿ ತಗೊಳೂಣು," ಎಂದರು ಗಂಡ. "ಲಗ್ನಕ್ಕ, ದೇವ್ರಿಗೆ ಎಲ್ಲಾರೂ ಕೂಡಿ ಹೋಗಾಕ ಬರತೈತಿ. ಈ ವಯಸ್ಸಿನ್ಯಾಗ ರೇಸ್ ಅಂದ್ರ ಮಂದಿ ಏನಂದಾರು?"

"ನಾ ಟ್ರ್ಯಾಕ್ಟರ್ ಹೊಡದಾಗೂ ಅಂದಿದ್ರು. ಅಂದು ಅಂದು ಸಾಕಾಗಿ ಸುಮ್ಮನಾದ್ರು. ಈಗೂ ಸುಮ್ಮನಾಗ್ತಾರ ತಗೋರಿ."

ನನ್ನ ಸಂಬಳದಿಂದ ಉಳಿಸಿದ ದುಡ್ಡು, ನನ್ನ ಕಾರು. ಅಷ್ಟು ಹೇಳಿ ಎದ್ದೆ.

ಮುಂದಿನ ಭಾನುವಾರ ಗಂಗಾವತಿಗೆ ಹೋದೆ. ಅಲ್ಲಿ ಗಿರಣಿಯ ಲಾರಿಗಳನ್ನು ರಿಪೇರಿ ಮಾಡುವ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದರು. ಊರೆಲ್ಲ ಅವರನ್ನು ಚಾಚಾ ಎಂದೇ ಕರೆಯುತ್ತಿತ್ತು. ನಾನು ಬಂದ ಕಾರಣ ಕೇಳಿ ಅವರು ತಲೆಯಾಡಿಸಿದರು.

"ಬ್ಯಾಡ್ರಿ ಅಕ್ಕೋರ. ಕೈಕಾಲು ಮುರ್ಕೊಂಡ್ರ ಸಾಲಿ ಹುಡುಗ್ರಿಗೆ ಕಲಿಸೋರು ಯಾರು?"

ನಮ್ಮ ಕಡೆ ಶಿಕ್ಷಕಿಯರಿಗೆಲ್ಲ ಅಕ್ಕೋರ ಅನ್ನುತ್ತಾರೆ. ಆ ಗೌರವ ಕೊಟ್ಟೇ ಬೇಡವೆನ್ನುತ್ತಾರೆ.

"ಚಾಚಾ, ಬ್ಯಾಡ ಅನ್ನಾಕ ಮನ್ಯಾಗ ಒಬ್ಬರು ಅದಾರ. ಯಾವ ಕಾರು ಅಂತ ಹೇಳೋರು ಬೇಕಾಗ್ಯಾರ. ನಿಮಗ ಗೊತ್ತಿಲ್ಲಂದ್ರ ಹೇಳ್ರಿ, ಬ್ಯಾರೆ ಕಡೆ ಕೇಳ್ತೀನಿ."

'ಗೊತ್ತಿಲ್ಲ' ಎಂಬ ಮಾತು ಅವರಿಗೆ ನಾಟಿತು. ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡು ಮುರುಕು ಸೀಟೊಂದನ್ನು ನನ್ನ ಕಡೆ ಎಳೆದರು.

"ಕುಂದರ್ರಿ. ಕಲಿಯೋರಿಗೆ ತಾಕತ್ತಿನ ಕಾರು ಬ್ಯಾಡ. ತಿರುವಿನ್ಯಾಗ ನೀವು ತಪ್ಪು ಮಾಡ್ತೀರಿ, ಅದು ಸೀದಾ ದಾರ್ಯಾಗ ಜಿಗದು ನಿಮ್ಮ ತಪ್ಪು ಮುಚ್ಚತೈತಿ. ನಿಮಗ ನಿಮ್ಮ ತಪ್ಪು ತೋರಸೋ ಕಾರು ಬೇಕು. ಹಗೂರ ಇರಬೇಕು. ಟೈರು ಸಣ್ಣವು ಇರಬೇಕು, ಬ್ರೇಕಿನ ಸಾಮಾನು ಕುಷ್ಟಗಿ ಬಜಾರದಾಗೂ ಸಿಗಬೇಕು. ಇನ್ನೊಂದ್ ಮಾತು. ಎಂಜಿನ್ ಕೆಟ್ಟಿದ್ರ ನಾ ಸುಧಾರಸ್ತೀನಿ. ಪೆಟ್ಟು ಬಿದ್ದು ಬಾಡಿ ಸೊಟ್ಟ ಆಗಿದ್ರ ಖುದಾನೂ ಸುಧಾರಸಂಗಿಲ್ಲ."

ಬಾಗಿಲಿನ ಸಂದಿ ಎರಡೂ ಕಡೆ ಒಂದೇ ಸಮ ಇದೆಯೇ, ನೆಲಕ್ಕೆ ಒರಗಿ ನೋಡಿದರೆ ತುಕ್ಕು ಕಾಣುತ್ತದೆಯೇ, ಬ್ರೇಕ್ ಒತ್ತಿದಾಗ ಗಾಡಿ ಯಾವ ಕಡೆಗಾದರೂ ಎಳೆಯುತ್ತದೆಯೇ ಎಂದೆಲ್ಲ ಹೇಗೆ ನೋಡುವುದು ಎಂಬುದನ್ನು ರಿಪೇರಿಗೆ ಬಂದಿದ್ದ ಕಾರುಗಳ ಮೇಲೆ ತೋರಿಸಿಕೊಟ್ಟರು. ಸಂಜೆಯವರೆಗೆ ಅಲ್ಲಿಯೇ ಇದ್ದೆ.

ಇಷ್ಟು ಕಲಿತ ಮೇಲೂ ಕೊಪ್ಪಳದಲ್ಲಿ ಒಂದು ಕೆಂಪು ಕಾರಿಗೆ ಮನಸೋತೆ. ಮುಚ್ಚುವುದೇಕೆ? ಹಳೆಯ ಕಾರು ಮಾರಿಸುವ ದಲ್ಲಾಳಿಯೊಬ್ಬ ರಸ್ತೆಯ ಬದಿಗೆ ಅದನ್ನು ನಿಲ್ಲಿಸಿದ್ದ. ಉದ್ದನೆಯ ಮೈ, ಅಗಲ ಟೈರು, ಹಿಂದೆ ರೆಕ್ಕೆ, ಗುಡುಗುವ ಸೈಲೆನ್ಸರ್. ನೋಡಿದ ಕೂಡಲೇ ಅದರೊಳಗೆ ಹೆಲ್ಮೆಟ್ ಹಾಕಿಕೊಂಡು ಕೂತ ನನ್ನನ್ನೇ ಕಂಡೆ. ದರವೂ ನನ್ನ ಕೈಗೆ ಎಟುಕುವಷ್ಟೇ ಇತ್ತು. ಅಷ್ಟು ಕಡಿಮೆ ಯಾಕೆ ಎಂಬ ಪ್ರಶ್ನೆ ಆಮೇಲೆ ಬಂತು.

"ಒಂದ ಕೈಯಾಗ ಓಡಿದ ಗಾಡಿ ಅಕ್ಕೋರ, ಒಂದು ಗೀರು ಸುದ್ದಾ ಬಿದ್ದಿಲ್ಲ," ಎಂದ ಅವನು.

ನಾನು ಕೈಚೀಲದಿಂದ ಹಳೆಯ ಪತ್ರಿಕೆ ತೆಗೆದು ನೆಲಕ್ಕೆ ಹಾಸಿದೆ. ಸೀರೆಯ ಸೆರಗು ಸೊಂಟಕ್ಕೆ ಬಿಗಿದು, ಅಂಗಾತ ಮಲಗಿ ಕಾರಿನ ಕೆಳಗೆ ಸರಿದೆ. ಆಚೆಗೆ ಚಪ್ಪಲಿಗಳು ಒಂದೊಂದಾಗಿ ಬಂದು ನಿಲ್ಲುವುದು ಕಾಣುತ್ತಿತ್ತು. ಎರಡು ಇದ್ದವು, ಹತ್ತಾದವು. ಯಾರೋ ನಕ್ಕರು. ಮುಖ ಬಿಸಿಯಾಯಿತು. ಎದ್ದುಬಿಡಲೇ ಅನ್ನಿಸಿತು. ಏಳಲಿಲ್ಲ. ಕೈಬ್ಯಾಟರಿ ಹಚ್ಚಿ ಮುಂದಿನ ಎಡಗಡೆ ನೋಡಿದೆ. ಹೊಸ ಬಣ್ಣದ ಅಡಿಯಲ್ಲಿ ವೆಲ್ಡಿಂಗಿನ ಗಂಟುಗಳು ಸಾಲಾಗಿದ್ದವು.

ಹೊರಗೆ ಬಂದು ಧೂಳು ಕೊಡವಿಕೊಂಡು ಹೇಳಿದೆ: "ಒಂದು ಸುತ್ತು ಓಡಿಸಿ ನೋಡ್ತೀನಿ."

ಕುಷ್ಟಗಿ ರಸ್ತೆಯಲ್ಲಿ ಖಾಲಿ ಜಾಗ ನೋಡಿ, ಹಿಂದೆ ಮುಂದೆ ಯಾರೂ ಇಲ್ಲದಾಗ ಬ್ರೇಕ್ ಜೋರಾಗಿ ಒತ್ತಿದೆ. ಕಾರು ಎಡಕ್ಕೆ ಜಗ್ಗಿ ರಸ್ತೆಯ ಅಂಚಿಗೆ ಹೋಗಿ ನಿಂತಿತು. ಪಕ್ಕದಲ್ಲಿ ಕೂತಿದ್ದ ದಲ್ಲಾಳಿ ದೇವರ ಹೆಸರು ಕೂಗಿದ. ತಿರುಗಿ ಬಂದಾಗ ಮಂದಿ ಇನ್ನೂ ಅಲ್ಲಿಯೇ ಇದ್ದರು.

"ಗೀರು ಸುದ್ದಾ ಬಿದ್ದಿಲ್ಲ ಅಂದ್ರಿ. ಹಂಗಾರ ತಳದಾಗ ವೆಲ್ಡಿಂಗ್ ಯಾಕ ಐತಿ? ಬ್ರೇಕ್ ಹಿಡದ್ರ ಎಡಕ್ಕ ಯಾಕ ಜಗ್ಗತೈತಿ?"

ಅವನ ದನಿ ಬದಲಾಯಿತು. "ನಿಮ್ಮ ಯಜಮಾನ್ರನ್ನ ಕರ್ಕೊಂಡ್ ಬರ್ರಿ. ಗಂಡಸ್ರ ಕೂಡ ಮಾತಾಡ್ತೀನಿ."

"ಅವರಿಗೆ ಕಾರು ನೋಡಾಕ ಬರಂಗಿಲ್ಲ. ನನಗ ಬರತೈತಿ."

ಈ ಸಲವೂ ಮಂದಿ ನಕ್ಕರು, ಆದರೆ ನನ್ನ ಕಡೆ ನೋಡಿ ಅಲ್ಲ.

ಹದಿನೈದು ದಿನದ ಮೇಲೆ ಚಾಚಾ ಹೇಳಿಕಳಿಸಿದ ಸುದ್ದಿ ಬಂತು. ಕುಷ್ಟಗಿಯಲ್ಲಿ ನಿವೃತ್ತರಾದ ದನದ ಡಾಕ್ಟರೊಬ್ಬರು ತಮ್ಮ ಕಾರು ಮಾರುತ್ತಿದ್ದಾರೆ. ಹೋಗಿ ನೋಡಿದರೆ ಆ ಕಾಲದಲ್ಲಿ ಎಲ್ಲೆಲ್ಲೂ ಕಾಣುತ್ತಿದ್ದ ಎಂಟುನೂರು ಸಿಸಿಯ ಬಿಳಿ ಸಣ್ಣ ಕಾರು. ಬಾಗಿಲು ತೆಗೆದರೆ ಗಪ್ಪನೆ ಕುರಿಯ ವಾಸನೆ. ಹಟ್ಟಿಗಳಿಂದ ಕಾಯಿಲೆಯ ಮರಿಗಳನ್ನು ಹಿಂದಿನ ಸೀಟಿನಲ್ಲಿ ಹಾಕಿಕೊಂಡು ಬರುತ್ತಿದ್ದರಂತೆ. ಹೊರಗೆ ಗೀರುಗಳು ಬೇಕಾದಷ್ಟಿದ್ದವು. ಆದರೆ ಸಂದಿಗಳು ಎರಡೂ ಕಡೆ ಸಮ, ತಳಕ್ಕೆ ತುಕ್ಕಿಲ್ಲ, ಬ್ರೇಕ್ ಒತ್ತಿದರೆ ನೆಟ್ಟಗೆ ನಿಂತಿತು.

ಕಾರು ರೇಸ್ ಕಲಿಯಲಿಕ್ಕೆ ಎಂದು ಡಾಕ್ಟರಿಗೆ ನಿಜ ಹೇಳಿದೆ. ಅವರು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಗಂಭೀರವಾದರು.

"ಕೆಡಸ್ತೀರಿ ನೀವು ಇದನ್ನ. ಭಾಳ ಛಲೋ ಇಟ್ಕೊಂಡೀನಿ ನಾ."

"ಕೆಡಬಹುದು ಸರ್, ಸುಳ್ಳು ಹೇಳಂಗಿಲ್ಲ. ಕಲಿಯಾಕ ಅಂತ ತಗೊಳ್ಳಾಕತ್ತೀನಿ. ಕಲಿಯೋವಾಗ ಏನರ ಒಂದು ಕೆಡತೈತಿ."

ಅವರು ಒಳಗೆ ಹೋದರು. ಆಗಲಿಲ್ಲ ಅಂದುಕೊಂಡು ಚಪ್ಪಲಿ ಮೆಟ್ಟುತ್ತಿದ್ದೆ. ಕೀಲಿ ಹಿಡಿದು ಬಂದರು. "ಮೂರನೇ ಗೇರಿಗೆ ಅವಸರ ಮಾಡಬ್ಯಾಡ್ರಿ. ಸ್ವಲ್ಪ ತಡದು ಹಾಕ್ರಿ," ಎಂದರು.

ಗೊತ್ತಿದ್ದವರೆಲ್ಲ ಪಟ್ಟೆ ಬಳಿಸು, ದೊಡ್ಡ ಸದ್ದಿನ ಸೈಲೆನ್ಸರ್ ಹಾಕಿಸು ಎಂದು ಉಪದೇಶಿಸಿದರು. ಒಂದನ್ನೂ ಮಾಡಲಿಲ್ಲ. ನಾಲ್ಕೂ ಒಂದೇ ಜಾತಿಯ ಹೊಸ ಟೈರು, ಹೊಸ ಬ್ರೇಕ್ ಪ್ಯಾಡು, ಹೊಸ ಬ್ರೇಕ್ ಎಣ್ಣೆ, ಗಟ್ಟಿ ಸೀಟ್ ಬೆಲ್ಟ್, ಒಂದು ಹೆಲ್ಮೆಟ್, ಇಷ್ಟೇ. ಚಾಚಾ, ನಾನು ಕೂಡಿ ಹಿಂದಿನ ಸೀಟು ಕಿತ್ತು ತೂಕ ಇಳಿಸಿದೆವು. ವಾಸನೆ ಮಾತ್ರ ಇಳಿಯಲಿಲ್ಲ.

ಅಭ್ಯಾಸಕ್ಕೆ ಜಾಗ ಎಲ್ಲಿ ಎಂದು ನಾನು ಯೋಚಿಸುತ್ತಿರುವಾಗ ಗಂಡ ಒಂದು ಸಂಜೆ ಬಂದು, ಶೂ ಬಿಚ್ಚುತ್ತ, ಯಾವುದೋ ಸಣ್ಣ ವಿಷಯ ಹೇಳುವವರ ಹಾಗೆ ಹೇಳಿದರು: "ಗಿರಣಿ ಮಾಲಕರನ್ನ ಕೇಳೀನಿ. ಭತ್ತ ಒಣಗಸೋ ಕಣ ರವಿವಾರ ಖಾಲಿ ಇರತೈತಿ. ಹೂಂ ಅಂದಾರ."

ನಾನು ಕೇಳಿರಲಿಲ್ಲ. ನನ್ನ ರೇಸಿಗೆ ಗಂಡ ಒಪ್ಪಿದ್ದಾರೆ ಎಂಬುದೂ ನನಗೆ ಗೊತ್ತಾದದ್ದು ಆಗಲೇ.

ಆ ಸಿಮೆಂಟಿನ ಕಣ ನಮ್ಮ ಶಾಲೆಯ ಮೈದಾನಕ್ಕಿಂತ ದೊಡ್ಡದು. ಭತ್ತದ ಹೊಟ್ಟು ತುಂಬಿದ ಚೀಲಗಳನ್ನು ಸಾಲಾಗಿ ನಿಲ್ಲಿಸಿ ಅವುಗಳ ನಡುವೆ ಹಾವಿನಂತೆ ಓಡಿಸುವುದು ನನ್ನ ಮೊದಲ ಪಾಠ. ಮೊದಲ ದಿನ ಅರ್ಧಕ್ಕಿಂತ ಹೆಚ್ಚು ಚೀಲ ಉರುಳಿಸಿದೆ. ಒಡೆದ ಚೀಲಗಳ ಹೊಟ್ಟು ಗಾಳಿಗೆ ಹಾರಿ, ಚೀಲ ಎತ್ತಿ ನಿಲ್ಲಿಸುತ್ತಿದ್ದ ಗಂಡನ ತಲೆ, ಮೀಸೆ ಎಲ್ಲ ಹಳದಿಯಾದವು. "ಮುಂದಿನ ಚೀಲ ನೋಡು, ಹತ್ತಿರದ್ದು ನೋಡಬ್ಯಾಡ," ಎಂದು ದೂರದಿಂದ ಕೂಗಿದರು. ಕಾರು ಓಡಿಸಲು ಬಾರದ ಮನುಷ್ಯ ಕೊಟ್ಟ ಆ ಸಲಹೆ ಸರಿಯಾಗಿತ್ತು. ನಾಲ್ಕು ತಿಂಗಳಾಗುವ ಹೊತ್ತಿಗೆ ಒಂದೂ ಚೀಲ ಮುಟ್ಟದೆ ಹೋಗಿಬರುತ್ತಿದ್ದೆ.

ಆಗಲೇ ದೂರು ಬಂತು. ಹೆಸರಿಲ್ಲದ ಅರ್ಜಿ. ಮುಖ್ಯೋಪಾಧ್ಯಾಯರು ನನ್ನನ್ನು ಕರೆದು ಮೇಜಿನ ಮೇಲೆ ಅದನ್ನಿಟ್ಟರು. ಶಿಕ್ಷಕಿಯೊಬ್ಬಳು ರೇಸ್ ಓಡಿಸುತ್ತ ಮಕ್ಕಳಿಗೆ ಕೆಟ್ಟ ಮಾದರಿಯಾಗಿದ್ದಾಳೆ ಎಂದು ಬರೆದಿತ್ತು.

"ಬಿಟ್ಟುಬಿಡ್ರಲ್ಲ ಅಕ್ಕೋರ. ನನಗ್ಯಾಕ ತಲಿನೋವು? ಇಲ್ಲಾ ಅಂದ್ರ ಉತ್ತರ ಬರದು ಕೊಡ್ರಿ."

"ಬರದು ಕೊಡ್ತೀನ್ರಿ ಸರ್."

ಅಲ್ಲಿಯೇ ಕೂತು ಬರೆದೆ. ರಜಾದಿನದಂದು, ಖಾಸಗಿ ಜಾಗದಲ್ಲಿ, ಮಾಲೀಕರ ಅನುಮತಿಯಿಂದ, ಹೆಲ್ಮೆಟ್ ಹಾಗೂ ಬೆಲ್ಟ್ ಧರಿಸಿ ನನ್ನದೇ ವಾಹನ ಓಡಿಸುತ್ತಿದ್ದೇನೆ. ರಸ್ತೆಯಲ್ಲಿ ಒಂದು ದಿನವೂ ವೇಗದ ಮಿತಿ ಮೀರಿಲ್ಲ. ಇದು ಯಾವ ನಿಯಮದ ಪ್ರಕಾರ ತಪ್ಪೆಂದು ತಿಳಿಸಿದರೆ ಉಪಕಾರವಾಗುತ್ತದೆ. ಸಹಿ ಹಾಕಿ, ಪ್ರತಿಯ ಮೇಲೆ ಅವರಿಂದ ಸ್ವೀಕೃತಿ ಪಡೆದೇ ತರಗತಿಗೆ ಹೋದೆ. ಆ ಪತ್ರಕ್ಕೆ ಇವತ್ತಿನವರೆಗೂ ಉತ್ತರವಿಲ್ಲ.

ಬೇಸಿಗೆ ರಜೆಯಲ್ಲಿ ಇಬ್ಬರೂ ಅದೇ ಕಾರಿನಲ್ಲಿ ಚೆನ್ನೈ ದಾರಿ ಹಿಡಿದೆವು. ಟ್ರ್ಯಾಕಿನಲ್ಲಿ ಸೇರಿದ್ದ ಕಾರುಗಳ ನಡುವೆ ನನ್ನದು ದಾರಿ ತಪ್ಪಿ ಬಂದಂತಿತ್ತು. ಹೆಂಗಸು ನಾನೊಬ್ಬಳೇ. ತಪಾಸಣೆಗೆ ಬಂದವನು ಕಿಟಕಿಯೊಳಗೆ ತಲೆ ಹಾಕಿ ಮೂಗು ಮುಚ್ಚಿಕೊಂಡ. ಆದರೆ ಬ್ರೇಕು, ಟೈರು, ಬೆಲ್ಟು ನೋಡಿ ಪಾಸಾಯಿತೆಂಬ ಚೀಟಿ ಅಂಟಿಸಿದ.

ಮೊದಲ ದಿನ ಎಲ್ಲರೂ ನನ್ನನ್ನು ದಾಟಿ ಹೋದರು. ಮಧ್ಯಾಹ್ನ ಒಂದು ಬಲತಿರುವಿನಲ್ಲಿ ಕಾರು ನನ್ನ ಕೈತಪ್ಪಿತು. ಲೋಕವೆಲ್ಲ ಒಂದು ಸುತ್ತು ತಿರುಗಿತು, ಕಾರು ಟ್ರ್ಯಾಕಿನ ಹೊರಗಿನ ಮಣ್ಣಿನಲ್ಲಿ ಹಿಂದುಮುಂದಾಗಿ ನಿಂತಿತು. ಬೋರ್ಡಿನ ಮೇಲೆ ಎಳೆದಿದ್ದ ಬಾಣಗಳೆಲ್ಲ ಆ ಎರಡು ಕ್ಷಣದಲ್ಲಿ ಮೈಯೊಳಗೆ ಇಳಿದಿದ್ದವು.

ಕಲಿಸುವವರು ಹಿಂದೊಮ್ಮೆ ರೇಸ್ ಓಡಿಸಿದ್ದ, ಮಾತು ಕಡಿಮೆಯ ತಮಿಳರು. ನೀವು ತಿರುವಿನೊಳಗೆ ಹೋಗಿ ಬ್ರೇಕ್ ಹಿಡಿಯುತ್ತೀರಿ, ನೆಟ್ಟಗಿರುವಾಗಲೇ ಹಿಡಿದು ಮುಗಿಸಿ ಒಳಗೆ ಬನ್ನಿ ಎಂದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕೂರಿಸಿ ತಾವೇ ನನ್ನ ಕಾರು ಓಡಿಸಿದರು. ಅದೇ ಕಾರು, ಅದೇ ಟೈರು. ಮೂರು ತಿರುವುಗಳಲ್ಲಿ ಎರಡು ದೊಡ್ಡ ಕಾರುಗಳನ್ನು ಹಿಂದೆ ಹಾಕಿದರು. ಕಾರಿಗೆ ಏನೂ ಕೊರತೆಯಿರಲಿಲ್ಲ, ಕೊರತೆ ಇದ್ದದ್ದು ನನ್ನಲ್ಲಿ. ಆ ತಿಳಿವಳಿಕೆ ನನಗೆ ಅವಮಾನವಾಗಿ ಕಾಣಲಿಲ್ಲ, ಧೈರ್ಯವಾಗಿ ಕಂಡಿತು. ನನ್ನನ್ನು ನಾನು ತಿದ್ದಿಕೊಳ್ಳಬಹುದಲ್ಲ.

ಎರಡನೇ ದಿನ ಊಟದ ಹೊತ್ತಿಗೆ ಮೂರು ಭಾರದ ಕಾರುಗಳ ಬ್ರೇಕಿನಿಂದ ಹೊಗೆ ಎದ್ದು ಅವು ನೆರಳು ಸೇರಿದ್ದವು. ನನ್ನ ಹಗುರ ಕಾರು ಸಂಜೆಯವರೆಗೂ ಸುತ್ತಿತು. ಹೆಚ್ಚು ಸುತ್ತು ಓಡಿಸಿದವರಲ್ಲಿ ನಾನೂ ಒಬ್ಬಳು.

ಮರುವರ್ಷ ಅಲ್ಲಿಯೇ ಹೊಸಬರ ರೇಸಿಗೆ ಹೆಸರು ಕೊಟ್ಟೆ. ಸಣ್ಣ ಕಾರುಗಳದೇ ಒಂದು ವರ್ಗವಿತ್ತು. ಕೊನೆಯ ಸುತ್ತಿನಲ್ಲಿ ಅದೇ ಬಲತಿರುವಿಗೆ ಮುಂಚೆ, ಮುಂದಿನವನು ಹೆದರಿ ಬೇಗ ಬ್ರೇಕ್ ಹಿಡಿದ. ನಾನು ಹಿಡಿಯಲಿಲ್ಲ. ಒಂದು, ಎರಡು ಎಂದು ಮನಸ್ಸಿನಲ್ಲೇ ಎಣಿಸಿ ಆಮೇಲೆ ಒತ್ತಿದೆ, ನೆಟ್ಟಗೆ. ಅವನ ಕಿಟಕಿ ನನ್ನ ಕಿಟಕಿಯ ಪಕ್ಕಕ್ಕೆ ಬಂತು, ಹಿಂದಕ್ಕೆ ಸರಿಯಿತು.

ಇಳಿದು ಬಂದಾಗ ಗಂಡ ನೀರಿನ ಬಾಟಲಿ ಹಿಡಿದು ನಿಂತಿದ್ದರು.

"ಎಷ್ಟನೇದು?"

"ಏಳನೇದು."

"ಎಷ್ಟ್ ಮಂದ್ಯಾಗ?"

"ಒಂಬತ್ತು."

"ಅಂದ್ರ ಇಬ್ಬರು ನಿನ್ನ ಹಿಂದ ಅದಾರ," ಎಂದರು, ನಗದೇ.

ಆ ಇಬ್ಬರನ್ನು ಹಿಂದೆ ಬಿಡಲು ನನಗೆ ಎರಡು ವರ್ಷ ಹಿಡಿದಿತ್ತು. ಮುಂದಿನ ರೇಸಿನ ಅರ್ಜಿ ಕೇಳಲು, ಹೆಲ್ಮೆಟ್ ಕಂಕುಳಲ್ಲಿ ಇಟ್ಟುಕೊಂಡೇ, ಕಚೇರಿಯ ಕಡೆ ನಡೆದೆ.