ಶರಣಪ್ಪ ಅಣ್ಣ ಕಲಿತ ಕ್ಲಾರೆಟ್

...ಅಂದು ಅಣ್ಣನಿಗೆ ತಿನ್ನಿಸಿದ್ದು ನೇರಳೆ ಹಣ್ಣೇ ಇರಬೇಕು. ಆದರೆ ಅದು ನೇರಳೆಯ ಕಾಲವೇ ಆಗಿತ್ತೇ ಎಂದರೆ ಆಣೆ ಮಾಡಿ ಹೇಳಲಾರೆ. ನೆನಪು ತನಗೆ ಬೇಕಾದ ಹಣ್ಣನ್ನು ತಾನೇ ತಂದಿಟ್ಟುಕೊಳ್ಳುತ್ತದೆ. ಇದೆಲ್ಲ ಎದ್ದದ್ದು ಮೊಮ್ಮಗ ಮೇಜಿನ ಮೇಲೆ ಬಿಟ್ಟುಹೋದ ವೈನ್ ಬಾಟಲಿಯಿಂದ. ತಳದಲ್ಲಿ ಹಳೆಯದೇನೋ ಉಳಿದಿತ್ತು. ಮೂಸಿ ನೋಡಿದೆ. ನೀವು ಯಾರಿಗೂ ಹೇಳಬೇಡಿ.

ನಿಜಾಮರ ಆಳ್ವಿಕೆ ಮುಗಿದು ಒಂದೆರಡು ವರ್ಷವಾಗಿತ್ತು. ಶಹಾಬಾದಿನ ಶಾಲೆಯಲ್ಲಿ ಪಾಠ ಹೇಳಿಕೊಂಡು ನಾನು ಅಣ್ಣ ಶರಣಪ್ಪನ ಮನೆಯಲ್ಲಿದ್ದೆ. ಹೊರದೇಶದ ಎಂಜಿನಿಯರುಗಳು ಬಂದಿಳಿಯುವ ಬಂಗಲೆಯೊಂದರ ಉಗ್ರಾಣ ನೋಡಿಕೊಳ್ಳುವ ಕೆಲಸ ಅವನದು. ಸಾಹೇಬರಿಗೆ ಊಟ, ವೈನ್ ಬಡಿಸುವ ಅಲ್ಲಿನ ಬಟ್ಲರ್ ಕರೀಂ ಚಾಚಾ ಮುದುಕನಾಗಿದ್ದ. ವೈನ್ ತಿಳಿದರೆ ಆ ಜಾಗ ಅಣ್ಣನಿಗೆ. ಇಲ್ಲವಾದರೆ ಹೊಸಬ ಬಂದು ಉಗ್ರಾಣವನ್ನೂ ತಾನೇ ನೋಡಿಕೊಳ್ಳುವವನಿದ್ದ.

ಅಣ್ಣನ ಕೊರಳಲ್ಲಿ ಲಿಂಗ. ಅತ್ತಿಗೆ ನೀಲವ್ವ ಒಂದೇ ಮಾತು ಹೇಳಿದ್ದಳು: "ನಾಲಿಗಿಗಿ ಒಂದು ಹನಿ ಹಚ್ಚಿದ್ರಿ ಅಂದ್ರ ನಾ ದಂಡೋತಿಗಿ, ನಮ್ಮವ್ವನ ಮನಿಗಿ ಹೋಗಾಕಿ. ಕರೀಲಿಕ್ಕ ಬರಬ್ಯಾಡ್ರಿ."

ಹೀಗಾಗಿ ಚಾಚಾ ಕುಡಿಸದೆ ಕಲಿಸಿದ. ನಮ್ಮ ಕಟ್ಟೆಯ ಮೇಲೆ ಕುಳಿತು ನೇರಳೆ ತಿನ್ನಿಸಿ, "ನಾಲಿಗಿ ಹಿಡೀತಲ್ಲ? ಕ್ಲಾರೆಟ್ಟಿನಾಗ ಇದೇ ಒಗರು. ಸಿಪ್ಪಿ, ಬೀಜದ್ದು" ಎಂದ. ಕ್ಲಾರೆಟ್ ಎಂಬ ಕೆಂಪು ವೈನಿನ ದ್ರಾಕ್ಷಿ ಕ್ಯಾಬರ್ನೆ, ಮೆರ್ಲೋ. ಹಾಕ್ ಎಂಬ ಬಿಳಿ ವೈನಿನದು ರೀಸ್ಲಿಂಗ್. ಅದರ ಹುಳಿ ತಿಳಿಯಲು ಹುಣಸೆನೀರು ಕುಡಿಸಿದ. 'ಡ್ರೈ' ಎಂದರೆ ಸಿಹಿ ಉಳಿಯದ್ದು. ಕಪ್ಪು ದ್ರಾಕ್ಷಿಯ ರಸವೂ ಬಿಳಿಯೇ. ಸಿಪ್ಪೆ ನೆನೆದರೆ ಕೆಂಪು. ವೈನಿನ 'ಬಾಡಿ', ಅಂದರೆ ಬಾಯಲ್ಲಿ ಅದು ತೆಳುವೋ ದಪ್ಪವೋ ಎಂಬುದು, ತಿಳಿಯಲು ನೀರುಮಜ್ಜಿಗೆ, ಆಮೇಲೆ ಗಟ್ಟಿ ಮಜ್ಜಿಗೆ.

"ಮಜ್ಜಿಗಿ ನಮ್ದು, ಹೆಸರು ಸಾಹೇಬ್ರದೇನು ಚಾಚಾ?" ಎಂದು ಅತ್ತಿಗೆ ಒಳಗಿನಿಂದ ಕೂಗಿದಳು.

ಬಿಸಿಲಿಗೆ ಬಾಟಲಿ ಕೆಡುವುದುಂಟು. ಬಡಿಸುವ ಮುಂಚೆ ಬಟ್ಲರ್ ಒಂದು ಗುಟುಕು ನೋಡಬೇಕು, ಅದು ಬಂಗಲೆಯ ಪದ್ಧತಿ. ಸಾಹೇಬರು ಅಣ್ಣನನ್ನು ಪರೀಕ್ಷಿಸಿ ನೋಡಲಿದ್ದ ದಿನ ಮಧ್ಯಾಹ್ನದ ಊಟಕ್ಕೆ ಅಣ್ಣ ಬಾಟಲಿ ತೆರೆದು ಒಬ್ಬನೇ ಉಗ್ರಾಣಕ್ಕೆ ಒಯ್ದ. ಹೊರಬಂದು, "ಇದು ಹುಳಿ ಬಂದದ್ರಿ, ಬ್ಯಾರೆ ತೆಗೀತೀನಿ" ಎಂದ. ಸಾಹೇಬರು ತಾವೇ ರುಚಿ ನೋಡಿ ಮುಖ ಕಿವುಚಿದರು. ಕೆಲಸ ಸಿಕ್ಕಿತು. ಇದು ಚಾಚಾ ಹೇಳಿದ್ದು, ನಾನಲ್ಲಿ ಇರಲಿಲ್ಲ.

ಅಣ್ಣ ಮನೆಗೆ ಬಂದಾಗ ಇದ್ದೆ. ಅತ್ತಿಗೆ ಬಾಗಿಲಿಗೆ ಅಡ್ಡ ನಿಂತಳು.

"ಹಾ ಅನ್ರಿ."

ಅಣ್ಣ ಬಾಯಿ ತೆರೆದ.

"ಲವಂಗ ಯಾಕ್ರಿ?"

"ಹಲ್ಲು ನೋಯಾಕತ್ತದ."

"ಮುಂಜಾನಿ ಒಣಗಿದ ಕಟಕ್ ರೊಟ್ಟಿ ಕಡದ್ರಲ್ಲ, ಆವಾಗ ಎಲ್ಲಿ ಹೋಗಿತ್ತು ನೋವು?"

"ಮೂಗಿಲೇ ನೋಡೀನಿ ಅಂದ್ರ ನಂಬ್ತೀ?"

ಅತ್ತಿಗೆ ದಾರಿ ಬಿಟ್ಟಳು. "ಜಳಕಕ್ಕ ನೀರು ಕಾದಾವ. ಪೂಜಿ ಮಾಡ್ಕೋರಿ."

ದಂಡೋತಿಗೆ ಹೋಗಲಿಲ್ಲ. ಆ ಮಾತು ಮತ್ತೆ ಎತ್ತಲಿಲ್ಲ.

ಅಣ್ಣ ಸುಳ್ಳು ಹೇಳಿದನೆಂದೇ ಇಷ್ಟು ವರ್ಷ ನಂಬಿದ್ದೆ. ಇವತ್ತು ಈ ಬಾಟಲಿ ಮೂಸಿದರೆ ಹುಳಿ ನೇರ ಮೂಗಿಗೇ ಹೊಡೆಯಿತು, ನಾಲಿಗೆಯ ಹಂಗೇ ಬೇಕಾಗಲಿಲ್ಲ. ಹಾಗಾದರೆ ಲವಂಗ ಯಾಕೆ? ಅವನು ಕುಡಿದನೋ ಇಲ್ಲವೋ ನನಗೆ ಗೊತ್ತಿಲ್ಲ. ದಾರಿ ಬಿಟ್ಟಾಗ ಅತ್ತಿಗೆ ನಂಬಿದ್ದಳೋ, ಸುಮ್ಮನಾದಳೋ, ಅದೂ ಗೊತ್ತಿಲ್ಲ.